ಫೋರ್ಟ್ ಕೊಚ್ಚಿಯ ಬೀದಿಗಳಲ್ಲಿ ಗುಪ್ತ ಸಂಕೇತಗಳು: ಒಂದು ವಿಮರ್ಶೆ

ಫೋರ್ಟ್ ಕೊಚ್ಚಿಯ ಬೀದಿಗಳ ವಿನ್ಯಾಸದಲ್ಲಿ ಫ್ರೀಮೇಸನ್ ಮೊದಲಾದ ಗುಪ್ತ ಮಂಡಲಿಗಳ ಸಂಕೇತಗಳು ಅಡಗಿವೆಯೆಂಬ ವಾದವನ್ನು ಈಚೆಗೆ ಮಿತ್ರರೊಬ್ಬರು ನಮ್ಮ ಕೂಟದಲ್ಲಿ ಬಹು ಉತ್ಸಾಹದಿಂದ ಮಂಡಿಸಿದರು. ಅವರು ವಿದ್ಯಾವಂತರು, ಈ ಊರನ್ನು ಕಾಲ್ನಡಿಗೆಯಿಂದ ಬಲ್ಲವರು. ಆದುದರಿಂದ ಅವರ ಮಾತನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಿ ಆಮೇಲೆ ಪರೀಕ್ಷೆಗೆ ತೊಡಗುವುದೇ ನಮ್ಮ ಹಿರಿಯರ ಪದ್ಧತಿಯಷ್ಟೆ.

ಅವರ ವಾದ ಹೀಗಿದೆ: ಸಂತ ಫ್ರಾನ್ಸಿಸರ ಚರ್ಚು, ಸಾಂತಾಕ್ರೂಸ್ ಬೆಸಿಲಿಕ, ಡಚ್ಚರ ಸ್ಮಶಾನ, ಬ್ಯಾಸ್ಟಿಯನ್ ಬಂಗಲೆ, ಪರೇಡ್ ಮೈದಾನದ ಎದುರಿನ ಡಚ್ ಕಂಪನಿಯ ಹೆಬ್ಬಾಗಿಲು, ಈ ಐದನ್ನೂ ಭೂಪಟದ ಮೇಲೆ ಗೆರೆಯಿಂದ ಕೂಡಿಸಿದರೆ ಐದು ಮೂಲೆಯ ನಕ್ಷತ್ರವಾಗುತ್ತದೆ. ಹೆಬ್ಬಾಗಿಲಿನ ಮೇಲಿನ ಅಂಕಿತವು ಮೇಸನರ ಕೈವಾರ ಮೂಲೆಮಟ್ಟಗಳೇ ಹೊರತು ಬೇರೆಯಲ್ಲ. ರೋಸ್ ಸ್ಟ್ರೀಟ್ ಎಂಬ ಹೆಸರು ಗುಲಾಬಿ ಶಿಲುಬೆಯ ಪಂಥದವರನ್ನು ಸೂಚಿಸುತ್ತದೆ. ಕಡೆಯದಾಗಿ, ಡಚ್ಚರ ಕೋಟೆಯ ಮೊನೆಮೊನೆಯಾದ ಹೊರಗೆರೆ ತಾನೇ ಒಂದು ನಕ್ಷತ್ರ.

ಮೊದಲು ಆ ಐದು ಬಿಂದುಗಳನ್ನು ನೋಡೋಣ. ಸಂತ ಫ್ರಾನ್ಸಿಸರ ಚರ್ಚಿನ ಮೂಲವಿರುವುದು 1503ರಲ್ಲಿ ಪೋರ್ಚುಗೀಜರು ಕಟ್ಟಿದ ಮರದ ಗುಡಿಯಲ್ಲಿ. ಬ್ಯಾಸ್ಟಿಯನ್ ಬಂಗಲೆ 1667ರದು, ಡಚ್ಚರದು. ಅವರ ಸ್ಮಶಾನ 1724ರದು. ಹೆಬ್ಬಾಗಿಲಿನ ಮೇಲೆ 1740 ಎಂದು ಕೊರೆದಿದೆ. ಇನ್ನು ಈಗ ನಾವು ಕಾಣುವ ಬೆಸಿಲಿಕವಾದರೋ, ಹಳೆಯ ದೇವಾಲಯವನ್ನು ಬ್ರಿಟಿಷರು ಕೆಡವಿದ ಎಷ್ಟೋ ಕಾಲದ ಮೇಲೆ ಕಟ್ಟಲ್ಪಟ್ಟು 1905ರಲ್ಲಿ ಪ್ರತಿಷ್ಠೆಗೊಂಡದ್ದು. ನಾಲ್ಕು ಶತಮಾನಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಫಿರಂಗಿಯಿಂದ ಓಡಿಸಿದ ಜನಾಂಗಗಳು, ಒಬ್ಬರ ಪೂಜೆಯನ್ನೊಬ್ಬರು ಪಾಷಂಡವೆಂದು ಬಗೆದವರು, ಎಲ್ಲರೂ ಸೇರಿ ಒಂದೇ ಚಿತ್ರವನ್ನು ಬರೆದರೆಂದು ನಂಬಬೇಕಾಗುತ್ತದೆ. ಲಂಡನ್ನಿನಲ್ಲಿ ಮೇಸನರ ಮೊದಲ ಮಹಾಮಂಡಲಿ ಏರ್ಪಟ್ಟದ್ದೇ 1717ರಲ್ಲಿ. ಭಾರತಕ್ಕೆ ಅವರ ಪಂಥ ಬಂದದ್ದು 1730ರ ಸುಮಾರಿಗೆ, ಅದೂ ಕಲಕತ್ತೆಗೆ.

ನಕ್ಷತ್ರವು ಪಟದ ಮೇಲೆ ಮೂಡುತ್ತದೆಯಲ್ಲಾ ಎಂದರೆ, ಮೂಡದೆ ಏನು ಮಾಡೀತು? ಯಾವುದೇ ಐದು ಬಿಂದುಗಳು, ಒಂದು ಮಿಕ್ಕವುಗಳ ನಡುವೆ ಸಿಕ್ಕಿಕೊಳ್ಳದಂತೆ ಸುತ್ತಲೂ ಹರಡಿದ್ದರೆ, ಒಂದು ಬಿಟ್ಟು ಒಂದನ್ನು ಕೂಡಿಸಿದಾಗ ಐದು ಮೂಲೆಯ ನಕ್ಷತ್ರ ಬಂದೇ ಬರುತ್ತದೆ. ಇದು ರೇಖಾಗಣಿತದ ಗುಣ, ಕೊಚ್ಚಿಯ ಗುಣವಲ್ಲ. ಊರಿನಲ್ಲಿ ಹೆಸರುವಾಸಿಯಾದ ಕಟ್ಟಡಗಳು ಇಪ್ಪತ್ತೇ ಇವೆಯೆಂದು ಹಿಡಿದರೂ ಅವುಗಳಿಂದ ಐದೈದನ್ನು 15,504 ಬಗೆಯಲ್ಲಿ ಆರಿಸಬಹುದು. ಅಷ್ಟರಲ್ಲಿ ಮನಸ್ಸಿಗೆ ಒಪ್ಪುವ ಒಂದು ಆಕೃತಿ ಸಿಕ್ಕದಿದ್ದರೆ ಅದೇ ಆಶ್ಚರ್ಯ. ಮಿತ್ರರ ನಕ್ಷತ್ರದ ಒಂದು ತೋಳು ಗಿಡ್ಡ, ಇನ್ನೊಂದು ಉದ್ದ. ಗೆರೆಗಳೂ ಬೀದಿಗಳ ಮೇಲೆ ಹೋಗದೆ ಜನರ ಅಡಿಗೆಮನೆಗಳ ಮೇಲೆ ಹಾದುಹೋಗುತ್ತವೆ. ಬೀದಿಯ ವಿನ್ಯಾಸದಲ್ಲಿ ಸಂಕೇತವಿದೆಯೆಂದ ಮೇಲೆ ಬೀದಿಗಾದರೂ ಅದರಲ್ಲಿ ಪಾಲಿರಬೇಡವೇ?

ನನ್ನ ವೃತ್ತಿ ಬ್ಯಾಂಕಿನದು. ಚೆಕ್ಕಿನ ಸಹಿಯನ್ನು ಪರೀಕ್ಷಿಸುವಾಗ ನಾವು ಮಾದರಿ ಸಹಿಯನ್ನು ಎದುರಿಗಿಟ್ಟುಕೊಳ್ಳುತ್ತೇವೆ. ಹೊಂದುವ ಗೆರೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಹೊಂದದವನ್ನು ‘ಕೈ ನಡುಗಿರಬೇಕು’ ಎಂದು ಬಿಟ್ಟುಬಿಡುವವನು ಆ ಕುರ್ಚಿಯಲ್ಲಿ ಬಹುಕಾಲ ಉಳಿಯಲಾರನು. ಹೆಬ್ಬಾಗಿಲಿನ ಅಂಕಿತಕ್ಕೆ ಮಾದರಿ ಸಹಿಗಳು ಹೇರಳವಾಗಿವೆ. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ಮೊದಲಕ್ಷರಗಳಾದ ವಿ, ಓ, ಸಿ ಎಂಬ ಮೂರನ್ನು ಹೆಣೆದ ಗುರುತು ಅದು: ದೊಡ್ಡದಾದ ‘ವಿ’, ಅದರ ಒಂದು ತೋಳಿನ ಮೇಲೆ ‘ಓ’, ಇನ್ನೊಂದರ ಮೇಲೆ ‘ಸಿ’. ಈ ಗುರುತನ್ನು ಅವರು ಫಿರಂಗಿಗಳ ಮೇಲೆ ಹಾಕಿದರು, ಪಿಂಗಾಣಿಯ ಮೇಲೆ ಬರೆಯಿಸಿದರು, 1726ರಿಂದ ತಾಮ್ರದ ದುಡ್ಡಿನ ಮೇಲೂ ಒತ್ತಿದರು. ಗುಟ್ಟನ್ನು ಯಾರಾದರೂ ದುಡ್ಡಿನ ಮೇಲೆ ಅಚ್ಚೊತ್ತಿ ಸಂತೆಗೆ ಕಳುಹಿಸುತ್ತಾರೆಯೇ? ಮೇಲಾಗಿ ಮೇಸನರ ಕೈವಾರದ ಕಾಲುಗಳು ಕೆಳಮುಖವಾಗಿ ತೆರೆದಿರುತ್ತವೆ. ‘ವಿ’ ಅಕ್ಷರದ ಬಾಯಿ ಮೇಲಕ್ಕಿದೆ. ಇದನ್ನು ಹೇಳಿದಾಗ ಮಿತ್ರರು ಒಡನೆಯೇ ‘ಹಾಗಾದರೆ ಅದು ಮೂಲೆಮಟ್ಟ, ಕೈವಾರ ಸವೆದುಹೋಗಿರಬೇಕು’ ಎಂದರು. ಪ್ರತಿಕೂಲವಾದ ಪ್ರಮಾಣವೂ ಅನುಕೂಲವಾಗಿಬಿಡುವ ಇಂಥ ವಾದವನ್ನು ಗೆಲ್ಲುವ ಬಗೆ ಯಾರಿಗೂ ತಿಳಿಯದು.

ಬೀದಿಯ ಹೆಸರುಗಳ ವಿಷಯ ಹೆಚ್ಚು ಸ್ವಾರಸ್ಯದ್ದು. ರೋಸ್ ಸ್ಟ್ರೀಟ್ ಒಂದನ್ನೇ ಎತ್ತಿಕೊಂಡರೆ ಗುಲಾಬಿಯ ಪಂಥ ನೆನಪಿಗೆ ಬರಬಹುದು. ಆದರೆ ಅದೇ ಊರಿನಲ್ಲಿ ಲಿಲ್ಲಿ ಸ್ಟ್ರೀಟ್ ಉಂಟು. ಪೀಟರ್ ಸೆಲಿ ಸ್ಟ್ರೀಟ್ ಉಂಟು. ಈ ಪೀಟರ್ ಸೆಲಿ ಯಾರೋ ದೊಡ್ಡ ಸಾಹೇಬನಿರಬೇಕೆಂದು ನಾನೂ ಬಹುದಿನ ಭಾವಿಸಿದ್ದೆನು. ಡಚ್ ಭಾಷೆಯಲ್ಲಿ ‘ಪೇಟರ್‌ಸೇಲಿ’ ಎಂದರೆ ಕೊತ್ತಂಬರಿಯ ಜಾತಿಗೆ ಸೇರಿದ ಒಂದು ಸೊಪ್ಪು. ಇಂಗ್ಲಿಷಿನವರು ಪಾರ್ಸ್ಲಿ ಎನ್ನುವುದು ಅದನ್ನೇ. ಆಳುವವರು ಬದಲಾಗಿ ಮಾತು ಮರೆತಾಗ ಸೊಪ್ಪು ಮನುಷ್ಯನಾಯಿತು. ಗುಲಾಬಿ, ನೈದಿಲೆಯಂಥ ಹೂ, ಸಾರಿಗೆ ಹಾಕುವ ಸೊಪ್ಪು! ತಮ್ಮ ಊರಿನ ಹಿತ್ತಲನ್ನು ನೆನೆದವರು ಇಟ್ಟ ಹೆಸರುಗಳು ಇವು ಎಂದು ತಿಳಿಯುವುದೇ ಸಹಜ. ಗುಲಾಬಿಯಲ್ಲಿ ರಹಸ್ಯಪಂಥವನ್ನು ಕಾಣುವವರು ಕೊತ್ತಂಬರಿಯ ಪಂಥ ಯಾವುದೆಂಬುದನ್ನೂ ತಿಳಿಸಬೇಕು. ಪರವೂರಿನಲ್ಲಿ ನೆಲಸಿದ ನಮಗೆ ಆ ಹಂಬಲ ಅರ್ಥವಾಗದ್ದಲ್ಲ. ನಮ್ಮವರು ಇಲ್ಲಿ ಕಟ್ಟಿದ ಮನೆಗಳಿಗೆ ಇಟ್ಟಿರುವ ಹೆಸರುಗಳನ್ನು ನೋಡಿದರೆ ಸಾಕು.

ಕೋಟೆಯ ಮೊನೆಗಳಿಗೆ ಕಾರಣ ಫಿರಂಗಿ. ದುಂಡನೆಯ ಬುರುಜಿನ ಮುಂದೆ ಕಾವಲುಗಾರರ ಗುಂಡು ತಲಪದ ಒಂದು ಕುರುಡು ನೆಲ ಉಳಿಯುತ್ತದೆ; ಶತ್ರು ಅಲ್ಲಿ ಅಡಗಿ ಗೋಡೆಗೆ ಸುರಂಗವಿಡಬಹುದು. ಕೊತ್ತಲವನ್ನು ಮೊನಚಾಗಿ ಮುಂದಕ್ಕೆ ಚಾಚಿದರೆ ಪಕ್ಕದ ಕೊತ್ತಲದಿಂದ ಅದರ ಮುಖವನ್ನೆಲ್ಲ ಗುಂಡಿನಿಂದ ಗುಡಿಸಬಹುದು. 1663ರಲ್ಲಿ ಕೊಚ್ಚಿಯನ್ನು ಹಿಡಿದ ಡಚ್ಚರು ಪೋರ್ಚುಗೀಜರ ಪಟ್ಟಣವನ್ನು ಬಹುಮಟ್ಟಿಗೆ ಕುಗ್ಗಿಸಿ, ಈ ಮಾದರಿಯಲ್ಲಿ ಭದ್ರಪಡಿಸಿ, ಕೊತ್ತಲಗಳಿಗೆ ಹಾಲೆಂಡ್, ಝೀಲೆಂಡ್, ಗೆಲ್ಡರ್ಲೆಂಡ್ ಎಂದು ತಮ್ಮ ಪ್ರಾಂತಗಳ ಹೆಸರುಗಳನ್ನಿಟ್ಟರು. ನಮ್ಮ ಸಕಲೇಶಪುರದ ಬಳಿಯ ಮಂಜರಾಬಾದು ಕೋಟೆಯನ್ನು ನೋಡಿದವರಿಗೆ ಇದು ಹೊಸದೆನಿಸದು. 1792ರಲ್ಲಿ ಟಿಪ್ಪು ಸುಲ್ತಾನನು ಮುಗಿಸಿದ ಆ ಕೋಟೆಗೆ ಎಂಟು ಮೊನೆಗಳಿವೆ. ಮಿತ್ರರ ತರ್ಕದಂತೆ ಅದನ್ನು ಶ್ರೀರಂಗಪಟ್ಟಣದ ಜಾಕೋಬಿನ್ ಕ್ಲಬ್ಬಿನ ಸಂಕೇತವೆನ್ನಬಹುದಾಗಿತ್ತು. ತೊಂದರೆಯೆಂದರೆ, ಆ ಕ್ಲಬ್ಬಿಗೆ ಕಾರಣನಾದ ರಿಪೋ ಎಂಬ ಫ್ರೆಂಚನು ಮೈಸೂರಿಗೆ ಬಂದದ್ದೇ 1797ರಲ್ಲಿ.

ಹಾಗೆಂದು ಬೀದಿಗಳಲ್ಲಿ ಇಂಥ ಸಂಕೇತವನ್ನು ಯಾರೂ ಬರೆದೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕೆಯ ಒಹಾಯೊ ಸಂಸ್ಥಾನದ ಸ್ಯಾಂಡಸ್ಕಿ ಎಂಬ ಊರಿನ ನಕ್ಷೆಯನ್ನು 1818ರಲ್ಲಿ ಹೆಕ್ಟರ್ ಕಿಲ್ಬರ್ನ್ ಎಂಬವನು ತಯಾರಿಸಿದನು. ನೇರವಾದ ಬೀದಿಗಳನ್ನು ಅಡ್ಡಡ್ಡವಾಗಿ ಕತ್ತರಿಸುವ ಓರೆಬೀದಿಗಳು ಅಲ್ಲಿ ಕೈವಾರ ಮೂಲೆಮಟ್ಟಗಳ ಆಕೃತಿಯನ್ನು ಮಾಡುತ್ತವೆ. ಅವನು ಸ್ವತಃ ಮೇಸನನು, ಆ ಊರಿನ ಲಾಜಿನ ಮೊದಲ ಮುಖ್ಯಸ್ಥನು. ಒಬ್ಬ ಕರ್ತೃ, ಒಂದು ಕಾಲ, ಒಂದು ನಕ್ಷೆ, ಓಡಾಡುವ ಬೀದಿಗಳೇ ಗೆರೆಗಳು. ಸಂಕೇತ ನಿಜವಾಗಿದ್ದಲ್ಲಿ ಇಷ್ಟು ಸ್ಪಷ್ಟವಾಗಿರುತ್ತದೆ.

ವಾದವು ಇಷ್ಟಕ್ಕೇ ನಿಂತಿದ್ದರೆ ಅದನ್ನು ಸಂಜೆಯ ವಿನೋದವೆಂದು ಬಿಟ್ಟುಬಿಡುತ್ತಿದ್ದೆನು. ಆದರೆ ಮಿತ್ರರ ಪೆನ್ಸಿಲು ಹೆಬ್ಬಾಗಿಲಿನಿಂದ ಹೊರಟು ಮಟ್ಟಾಂಚೇರಿಗೆ ಹೋಯಿತು. 1760ರಲ್ಲಿ ಎಜೆಕಿಯೆಲ್ ರಹಾಬಿಯವರು ಕಟ್ಟಿಸಿದ ಯೆಹೂದ್ಯರ ಗಡಿಯಾರದ ಗೋಪುರದ ಬಳಿ ನಿಂತಿತು. ‘ಎಲ್ಲದರ ಮೂಲ ಇಲ್ಲಿದೆ’ ಎಂದರು. ಈ ದಾರಿಯನ್ನು ಮೊದಲು ತುಳಿದವರು ಅವರಲ್ಲ. ಯೆಹೂದ್ಯರೂ ಮೇಸನರೂ ಕೂಡಿ ಲೋಕವನ್ನು ವಶಪಡಿಸಿಕೊಳ್ಳಲು ಹೊಂಚುತ್ತಿದ್ದಾರೆಂದು ಹೇಳುವ ‘ಸಿಯೋನಿನ ಹಿರಿಯರ ನಡವಳಿಗಳು’ ಎಂಬ ಕೃತಿ 1903ರಲ್ಲಿ ರಷ್ಯದಲ್ಲಿ ಅಚ್ಚಾಯಿತು. ಅದು ಕೃತ್ರಿಮವೆಂದು 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ತೋರಿಸಿಕೊಟ್ಟಿತು. ಆದರೂ ಯುರೋಪಿನಲ್ಲಿ ಅದನ್ನು ನಂಬಿದವರು ಏನು ಮಾಡಿದರೆಂಬುದು ಎಲ್ಲರಿಗೂ ತಿಳಿದಿದೆ. ಕೊಚ್ಚಿಯ ಯೆಹೂದ್ಯರು ಹೊಂಚಿದವರಲ್ಲ, ಹೊಂಚಿಗೆ ಸಿಕ್ಕಿದವರು: 1568ರ ಅವರ ಪರದೇಶಿ ಸಿನಗಾಗಿಗೆ 1662ರಲ್ಲಿ ಪೋರ್ಚುಗೀಜರು ಹಾನಿಮಾಡಿದರು. ಆ ಮಂದಿರ ಇಂದಿಗೂ ರಾಜನ ಅರಮನೆಗೂ ಅದರ ದೇವಿಯ ಗುಡಿಗೂ ಒತ್ತಿಕೊಂಡೇ ನಿಂತಿದೆ. 1948ರ ಅನಂತರ ಆ ಜನರಲ್ಲಿ ಬಹುಮಂದಿ ಇಸ್ರೇಲಿಗೆ ತೆರಳಿದರು, ಉಳಿದವರು ಬೆರಳೆಣಿಕೆಯಷ್ಟು. ಉತ್ತರ ಕೊಡಲು ತಾವೇ ಇಲ್ಲದವರ ಬಾಗಿಲಿಗೆ ಆರೋಪವನ್ನು ಅಂಟಿಸಿ ಬರುವುದು ಸಂಶೋಧನೆಯಲ್ಲ.

ಓದಲು ಕಷ್ಟವಾದ ಬರೆಹವೇ ಬೇಕೆನ್ನುವವರಿಗೆ ಕೊಚ್ಚಿಯಲ್ಲಿ ಕೊರತೆಯಿಲ್ಲ. ಡಚ್ ಅಧಿಪತಿ ವಾನ್ ರೀಡನು ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದ ಚಿತ್ರಪಟಗಳಲ್ಲಿ ಗಿಡಗಳ ಹೆಸರುಗಳು ಹಲವು ಲಿಪಿಗಳಲ್ಲಿವೆ. ಅದರ ಮೊದಲ ಸಂಪುಟದಲ್ಲಿ ಇಟ್ಟಿ ಅಚ್ಯುತನ್ ವೈದ್ಯರ ಸಾಕ್ಷ್ಯಪತ್ರದೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು 1675ರಲ್ಲಿ ನಾಗರಿಯಲ್ಲಿ ಬರೆದುಕೊಟ್ಟ ಕೊಂಕಣಿ ಪತ್ರವೂ ಇದೆ. ನಮ್ಮ ಕರಾವಳಿಯ ಸಮಾಜಕ್ಕೆ ಬಂಧುಗಳಾದವರ ಈ ಬರೆಹವನ್ನು ನಮ್ಮಲ್ಲಿ ಎಷ್ಟು ಮಂದಿ ಕಣ್ಣಿಟ್ಟು ಓದಿದ್ದೇವೆ?

ಈ ಲೇಖನದ ಕರಡನ್ನು ಮಿತ್ರರಿಗೆ ತೋರಿಸಿದ್ದೇನೆ. ಮಟ್ಟಾಂಚೇರಿಯ ಗೆರೆಯನ್ನು ತಾವೇ ರಬ್ಬರಿನಿಂದ ಅಳಿಸಿದರು. ಸೊಪ್ಪಿನ ವಿಷಯದಲ್ಲಿಯೂ ಒಪ್ಪಿದ್ದಾರೆ. ನಕ್ಷತ್ರದ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.