ಗೂರ್ನಿಕ್ ಜಾಬ್ಜೆಗೆ ಸಲ್ಲಬೇಕಾದ ಜಾಗ

ಪೋಲೆಂಡಿನ ಫುಟ್‌ಬಾಲ್ ಬಗ್ಗೆ ಯಾರೇ ಬರೆಯಲಿ, ಕತೆ ಶುರುವಾಗುವುದು 1973ರ ಅಕ್ಟೋಬರ್ 17ರ ವೆಂಬ್ಲಿಯಿಂದ. ಅಂದು ತೊಮಾಷೆವ್ಸ್ಕಿ ಗೋಲಿಗೆ ಅಡ್ಡ ನಿಂತು ಇಂಗ್ಲೆಂಡನ್ನು ವಿಶ್ವಕಪ್ಪಿನಿಂದ ಹೊರಗಿಟ್ಟದ್ದು, ಮರುವರ್ಷ ಪಶ್ಚಿಮ ಜರ್ಮನಿಯಲ್ಲಿ ಸಿಕ್ಕ ಮೂರನೇ ಸ್ಥಾನ, ಲಾಟೊ ಹೊಡೆದ ಏಳು ಗೋಲು, ದೇಯ್ನಾನ ನಡುಮೈದಾನದ ಒಡೆತನ ಎಲ್ಲವೂ ಫುಟ್‌ಬಾಲ್ ಬಲ್ಲವರಿಗೆ ಬಾಯಿಪಾಠವಾಗಿವೆ. ಅದಕ್ಕೂ ಹಿಂದಿನದೆಲ್ಲ ಬರೀ ಪೀಠಿಕೆ. ಆ ಪೀಠಿಕೆಯಲ್ಲಿ ಗೂರ್ನಿಕ್ ಜಾಬ್ಜೆ ಕ್ಲಬ್ಬಿಗೆ ಸಿಗುವುದು ಒಂದು ಸಾಲು, ಅದೂ ತಿರಸ್ಕಾರದ ಸಾಲು: ಕಲ್ಲಿದ್ದಲಿನ ದುಡ್ಡಿನಿಂದ ಕಟ್ಟಿದ ತಂಡ, ಕಮ್ಯುನಿಸ್ಟ್ ಪಕ್ಷದ ಕೃಪೆಯಿಂದ ಗೆದ್ದ ಪ್ರಶಸ್ತಿಗಳು, ಕಾಲ ಬದಲಾದಾಗ ಕುಸಿದ ವೈಭವ. ಈ ತೀರ್ಪನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡು ಬರೆಯುತ್ತ ಬಂದಿದ್ದಾರೆ, ಸಾಕ್ಷ್ಯಕ್ಕೆ ಒರೆಹಚ್ಚಿ ನೋಡಿದವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇದು ತಪ್ಪು ತೀರ್ಪು. ಇದರ ಹಿಂದಿರುವ ಅಭಿರುಚಿಯೂ ತಪ್ಪು.

ಮೊದಲು ಪೋಷಕರ ಪ್ರಶ್ನೆ. ಯುದ್ಧಾನಂತರದ ಪೋಲೆಂಡಿನಲ್ಲಿ ಪೋಷಕನಿಲ್ಲದ ಕ್ಲಬ್ ಎಂಬುದೇ ಇರಲಿಲ್ಲ. ವಾರ್ಸಾದ ಲೆಗಿಯಾದ ಹಿಂದೆ ಸೇನೆಯಿತ್ತು. ಕ್ರಾಕೂಫ್‌ನ ವಿಸ್ವಾಗೆ ಪೊಲೀಸ್ ಇಲಾಖೆಯ ಆಸರೆ, ಪೊಜ್ನಾನ್‌ನ ಲೆಖ್‌ಗೆ ರೈಲ್ವೆಯ ಆಸರೆ. 1948ರ ಡಿಸೆಂಬರಿನಲ್ಲಿ ಜಾಬ್ಜೆಯ ಹಲವು ಸಣ್ಣ ಕ್ಲಬ್ಬುಗಳು ಕೂಡಿ ಹುಟ್ಟಿದ ಗೂರ್ನಿಕ್ ಗಣಿಗಳ ಕ್ಲಬ್. ಆಟಗಾರರ ಹೆಸರು ಗಣಿಯ ಸಂಬಳಪಟ್ಟಿಯಲ್ಲಿರುತ್ತಿತ್ತು, ನಿಜ. ಹಾಗೆಂದು ಒಂದೇ ಕ್ಲಬ್ಬಿನ ಪೋಷಣೆಯನ್ನು ಅಪರಾಧವೆನ್ನುವುದು, ಉಳಿದವುಗಳದ್ದನ್ನು ಕಾಲಧರ್ಮವೆಂದು ಮನ್ನಿಸುವುದು ವಿಮರ್ಶೆಯಲ್ಲ, ಪಕ್ಷಪಾತ.

ಗಿಯೆರೆಕ್ ಹೆಸರನ್ನು ಎತ್ತುವವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಡ್ವರ್ಡ್ ಗಿಯೆರೆಕ್ ಕಾಟೊವಿತ್ಸೆ ಪ್ರಾಂತ್ಯದ ಪಕ್ಷದ ಮೊದಲ ಕಾರ್ಯದರ್ಶಿಯಾದದ್ದು 1957ರಲ್ಲಿ, ಗೂರ್ನಿಕ್ ಮೊದಲ ಸಲ ಲೀಗ್ ಗೆದ್ದದ್ದೂ 1957ರಲ್ಲಿ. 1970ರ ಡಿಸೆಂಬರಿನಲ್ಲಿ ಆತ ದೇಶದ ಚುಕ್ಕಾಣಿ ಹಿಡಿದ. 1971 ಮತ್ತು 1972ರಲ್ಲಿ ಗೂರ್ನಿಕ್ ಮತ್ತೆ ಚಾಂಪಿಯನ್. ನೋಡಿದರೆ ಎಲ್ಲ ಹೊಂದಿ ಕೂರುತ್ತದೆ. ಆದರೆ ಗಿಯೆರೆಕ್‌ನ ಹುಟ್ಟೂರು ಪೊರೊಂಬ್ಕಾ ಇಂದು ಸೊಸ್ನೋವಿಯೆತ್ಸ್ ನಗರದ ಭಾಗ. ಆ ನಗರದ ಜಾಗ್ವೆಂಬಿಯೆ ಕ್ಲಬ್ಬಿಗೂ ಗಣಿಗಳ ಬಲವಿತ್ತು, ಅದೂ ಅದೇ ಪ್ರಾಂತ್ಯದ್ದು. ಆ ಕ್ಲಬ್ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. ಪ್ರಭುವಿನ ಒಲವೇ ಪ್ರಶಸ್ತಿ ತರುವುದಾಗಿದ್ದರೆ ಅದು ಮೊದಲು ಹೋಗಬೇಕಾಗಿದ್ದದ್ದು ಸೊಸ್ನೋವಿಯೆತ್ಸ್‌ಗೆ. ಅದೇ ಕಾರ್ಯದರ್ಶಿಯ ಕಾಲದಲ್ಲಿ, ಅದೇ ಪ್ರಾಂತ್ಯದಿಂದ ರೂಖ್ ಹೋಜೂಫ್ 1960 ಮತ್ತು 1968ರಲ್ಲಿ, ಪೊಲೋನಿಯಾ ಬಿತೋಮ್ 1962ರಲ್ಲಿ ಗೂರ್ನಿಕ್ಕನ್ನು ಹಿಂದಿಕ್ಕಿ ಲೀಗ್ ಗೆದ್ದವು. 1957ರಿಂದ 1968ರವರೆಗಿನ ಹನ್ನೆರಡು ಪ್ರಶಸ್ತಿಗಳಲ್ಲಿ ಹನ್ನೊಂದು ಈ ಮೂರು ಪಕ್ಕದೂರುಗಳಲ್ಲೇ ಉಳಿದವು. ಹೊರಗೆ ಹೋದದ್ದು 1958ರಲ್ಲಿ ವೂಜ್ ನಗರದ ಎಲ್‌ಕೆಎಸ್ ಗೆದ್ದದ್ದು ಮಾತ್ರ. ಕಲ್ಲಿದ್ದಲು ಈ ಊರುಗಳಿಗೆಲ್ಲ ಸಮಾನವಾಗಿತ್ತು. 1963ರಿಂದ 1967ರವರೆಗೆ ಸತತ ಐದು ಲೀಗ್, 1968ರಿಂದ 1972ರವರೆಗೆ ಸತತ ಐದು ಪೋಲಿಷ್ ಕಪ್ ಗೆದ್ದದ್ದು ಗೂರ್ನಿಕ್ ಒಂದೇ. ಎಲ್ಲರಿಗೂ ಇದ್ದ ಕಾರಣದಿಂದ ಒಬ್ಬರ ಗೆಲುವನ್ನು ವಿವರಿಸಲಾಗದು.

ಹಾಗಾದರೆ ವಿವರಣೆ ಎಲ್ಲಿದೆ? ನಾನು ಎರ್ನೆಸ್ಟ್ ಪೋಲ್‌ನತ್ತ ಕೈ ತೋರಿಸುತ್ತೇನೆ. ಗೂರ್ನಿಕ್ ಎಂದೊಡನೆ ಎಲ್ಲರೂ ಹೇಳುವ ಹೆಸರು ಲುಬಾನ್ಸ್ಕಿಯದು, ಹೇಳಬೇಕಾದದ್ದೇ. ಹದಿನಾರನೇ ವಯಸ್ಸಿಗೆ ರಾಷ್ಟ್ರೀಯ ತಂಡಕ್ಕೆ ಬಂದು ಮೊದಲ ಪಂದ್ಯದಲ್ಲೇ ನಾರ್ವೆಯ ವಿರುದ್ಧ ಗೋಲು ಹೊಡೆದವನು. 1966ರಿಂದ ಸತತ ನಾಲ್ಕು ಸಲ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದವನು. 1973ರ ಜೂನ್‌ನಲ್ಲಿ ಹೋಜೂಫ್‌ನಲ್ಲಿ ಬಾಬಿ ಮೂರ್‌ನ ಕಾಲಿನಿಂದಲೇ ಚೆಂಡು ಕಿತ್ತು ಗೋಲು ಮಾಡಿ, ಅದೇ ಪಂದ್ಯದಲ್ಲಿ ಮೊಣಕಾಲು ಮುರಿದುಕೊಂಡು ಮರುವರ್ಷದ ವಿಶ್ವಕಪ್ ಕಳೆದುಕೊಂಡವನು. ಅವನ ದುರಂತಕ್ಕೂ ವೆಂಬ್ಲಿಯ ಕತೆಗೂ ನಂಟಿರುವುದರಿಂದ ಚರಿತ್ರೆಕಾರರು ಅವನನ್ನು ಉಳಿಸಿಕೊಂಡರು. ಪೋಲ್‌ಗೆ ಅಂಥ ನಂಟಿಲ್ಲ. 1938ರ ನಂತರ 1974ರವರೆಗೆ ಪೋಲೆಂಡ್ ವಿಶ್ವಕಪ್ಪಿಗೆ ಹೋಗಲೇ ಇಲ್ಲ. ಪೋಲ್‌ನ ಇಡೀ ಆಟದ ಬದುಕು ಆ ಬರಗಾಲದ ನಡುವೆ ಮುಗಿದುಹೋಯಿತು. ರಾಷ್ಟ್ರೀಯ ತಂಡಕ್ಕೆ 46 ಪಂದ್ಯಗಳಲ್ಲಿ 39 ಗೋಲು ಹೊಡೆದ ಈತನ ಆಟವನ್ನು ಹೊರಜಗತ್ತು ದೊಡ್ಡ ವೇದಿಕೆಯಲ್ಲಿ ಕಂಡದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ. ಅಲ್ಲಿ ಟ್ಯುನೀಷಿಯಾದ ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ. ಲೀಗ್‌ನಲ್ಲಿ ಅವನು ಗಳಿಸಿದ 186 ಗೋಲು ಪೋಲೆಂಡಿನ ದಾಖಲೆ. ಹತ್ತು ಲೀಗ್ ಪ್ರಶಸ್ತಿಗಳು, ಅದರಲ್ಲಿ ಎಂಟು ಗೂರ್ನಿಕ್‌ನವು.

ಉಳಿದೆರಡು ಲೆಗಿಯಾದವು ಎಂಬುದೇ ನನ್ನ ವಾದದ ತಿರುಳು. ಪೋಲ್ ಹುಟ್ಟಿದ್ದು 1932ರಲ್ಲಿ, ಜಾಬ್ಜೆಯ ಪಕ್ಕದ ರೂಡಾದಲ್ಲಿ. ಸೇನೆಯ ಕಡ್ಡಾಯ ಸೇವೆ ಅವನನ್ನು ವಾರ್ಸಾಕ್ಕೆ ಒಯ್ದಿತು. 1955 ಮತ್ತು 1956ರ ಪ್ರಶಸ್ತಿಗಳನ್ನು ಲೆಗಿಯಾ ಗೆದ್ದದ್ದು ಅವನಂಥ ಕರೆಸಿಕೊಂಡ ಹುಡುಗರಿಂದ. ಸೇವೆ ಮುಗಿದ ಮೇಲೆ ಅವನು ಮನೆಯ ಕಡೆಗೆ ಬಂದ, 1957ರಲ್ಲಿ ಗೂರ್ನಿಕ್ ಚಾಂಪಿಯನ್ ಆಯಿತು. ಇದೇ ಚಿತ್ರದ ಇನ್ನೊಂದು ಮಗ್ಗುಲು ಲೂಟ್ಸ್ಯಾನ್ ಬ್ರಿಹ್ಚಿ. ಅವನೂ ಹಾಗೆಯೇ ಸೇನೆಯ ದಾರಿಯಲ್ಲಿ ಲೆಗಿಯಾಕ್ಕೆ ಹೋದ, ಆದರೆ ಅಲ್ಲೇ ನೆಲೆಸಿದ, 182 ಗೋಲು ಹೊಡೆದು ಆ ಕ್ಲಬ್ಬಿನ ದೈವವಾದ. ಬ್ರಿಹ್ಚಿ ಹುಟ್ಟಿದ ನೋವಿ ಬಿತೋಮ್ ಇಂದು ರೂಡಾ ಶ್ಲಾನ್ಸ್ಕಾ ನಗರದ ಒಂದು ಬಡಾವಣೆ. ಪೋಲಿಷ್ ಲೀಗ್‌ನ ಚರಿತ್ರೆಯಲ್ಲೇ ಅತಿ ಹೆಚ್ಚು ಗೋಲು ಹೊಡೆದ ಇಬ್ಬರೂ ಒಂದೇ ಗಣಿಯೂರಿನ ಮಕ್ಕಳು. ರಾಜಧಾನಿ ಆ ಊರಿನ ಮಗನನ್ನು ಆಜ್ಞೆ ಹೊರಡಿಸಿ ಕರೆಸಿಕೊಂಡರೆ ಅದಕ್ಕೆ ಪರಂಪರೆ ಎಂಬ ಗೌರವ. ಆ ಊರು ತನ್ನ ಮಗನನ್ನು ತನ್ನಲ್ಲೇ ಉಳಿಸಿಕೊಂಡರೆ ಅದಕ್ಕೆ ದುಡ್ಡಿನ ಸೊಕ್ಕು ಎಂಬ ಹಳಿತ. ಗಣಿಗಳ ಸಂಬಳಪಟ್ಟಿ ಮಾಡಿದ ದೊಡ್ಡ ಕೆಲಸ ಇಷ್ಟೇ: ಈ ಊರುಗಳಿರುವ ಗಣಿಸೀಮೆ ಸೈಲೀಷಿಯಾದ ಪ್ರತಿಭೆ ಸೈಲೀಷಿಯಾದಲ್ಲೇ ಉಂಡುಟ್ಟು ಆಡಲು ಅವಕಾಶ ಕೊಟ್ಟಿತು. ಗ್ಲಿವಿತ್ಸೆಯ ಲುಬಾನ್ಸ್ಕಿ 1963ರಲ್ಲಿ ಈ ಕ್ಲಬ್ಬಿಗೆ ಬಂದಾಗ ಪಕ್ಕದಲ್ಲಿ ಆಡಲು ಪೋಲ್ ಇನ್ನೂ ಅಲ್ಲಿದ್ದ. ಒಂದು ಶೈಲಿ ಕೈಯಿಂದ ಕೈಗೆ ದಾಟುವುದು ಹೀಗೆ.

ಪೋಲ್‌ನನ್ನು ಮರೆಯುವುದರ ಹಿಂದೆ ಇನ್ನೂ ಆಳದ ಅಳುಕೊಂದಿದೆ. ಮೇಲಣ ಸೈಲೀಷಿಯಾದ ಜನ ಒಂದೇ ತಲೆಮಾರಿನಲ್ಲಿ ಹಲವು ಸಲ ಗಡಿ ಬದಲಾದದ್ದನ್ನು ಕಂಡವರು. 1945ರವರೆಗೆ ಜಾಬ್ಜೆ ಜರ್ಮನಿಯದಾಗಿತ್ತು, ಅದರ ಹೆಸರು ಹಿಂಡೆನ್‌ಬುರ್ಗ್ ಎಂದಿತ್ತು. ಯುದ್ಧಾನಂತರ ಪೋಲ್‌ನ ಮನೆತನದ ಹೆಸರಿನ ಜರ್ಮನ್ ಕಾಗುಣಿತವನ್ನು ಸರ್ಕಾರಿ ಕಾಗದಗಳಲ್ಲಿ ತಿದ್ದಲಾಯಿತು. ಆಡಿದ್ದೆಲ್ಲ ಆ ತಿದ್ದಿದ ಹೆಸರಿನಲ್ಲಿ. ಕೊನೆಗೆ ಅವನು 1995ರಲ್ಲಿ ತೀರಿಕೊಂಡದ್ದು ಜರ್ಮನಿಯಲ್ಲಿ. ಇವನಿಗೂ ಮುಂಚೆ ಇದೇ ನೆಲದ ವಿಲಿಮೋವ್ಸ್ಕಿ, 1938ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಮೇಲೆ ನಾಲ್ಕು ಗೋಲು ಹೊಡೆದವನು, ಯುದ್ಧಕಾಲದಲ್ಲಿ ಜರ್ಮನಿಗೆ ಆಡಿದ್ದಕ್ಕೆ ದ್ರೋಹಿ ಎನಿಸಿಕೊಂಡು ದಾಖಲೆಗಳಿಂದಲೇ ಮರೆಯಾಗಿದ್ದ. ರಾಷ್ಟ್ರದ ಕತೆಯನ್ನು ನೇರವಾಗಿ ಹೇಳಬೇಕೆನ್ನುವವರಿಗೆ ಇಂಥವರು ತೊಡಕು. 1974ರ ತಂಡವಾದರೋ ಯಾವ ವಿವರಣೆಯೂ ಬೇಡದ, ಧ್ವಜದ ಕೆಳಗೆ ನೀಟಾಗಿ ನಿಲ್ಲುವ ತಂಡ. ಅದು ಎತ್ತರಕ್ಕೇರಿದ್ದಕ್ಕೆ ಆಟದ ಗುಣವೊಂದೇ ಕಾರಣವಲ್ಲ. ಕಾಲ್ಚೆಂಡಿನ ವಿಮರ್ಶೆಯೊಳಗೆ ನುಸುಳಿದ ಈ ರಾಷ್ಟ್ರೀಯತೆಯ ಅಳತೆಗೋಲನ್ನು ನಾನು ಒಪ್ಪಲಾರೆ.

ಯುರೋಪಿನಲ್ಲಿ ಗೂರ್ನಿಕ್ ಏನು ಮಾಡಿತು ಎಂದು ಕೇಳುವವರು 1961ರ ಟಾಟ್‌ನಮ್ ಪಂದ್ಯವನ್ನು ಮುಂದಿಡುತ್ತಾರೆ: ಲಂಡನ್ನಿನಲ್ಲಿ 8-1ರ ಸೋಲು. ಅದಕ್ಕೆ ಒಂದು ವಾರ ಹಿಂದೆ ಹೋಜೂಫ್‌ನಲ್ಲಿ ಇದೇ ತಂಡ, ಆ ವರ್ಷ ಇಂಗ್ಲೆಂಡಿನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿದ್ದ ಟಾಟ್‌ನಮ್ ಮೇಲೆ 4-0 ಮುನ್ನಡೆ ಪಡೆದು, 4-2ರಿಂದ ಗೆದ್ದಿತ್ತು. ಕೆಟ್ಟ ಸೋಲು ಸೋಲೇ, ಮರೆಮಾಚುವುದು ಬೇಡ. ಆದರೆ ರಕ್ಷಣೆಯ ಗೋಡೆ ಕಟ್ಟಿಕೊಂಡು ಕೂರದೆ ಮುಂದಕ್ಕೆ ನುಗ್ಗಿ ಆಡುವ ತಂಡ ಕೆಲವೊಮ್ಮೆ ಹೀಗೆ ಬೆಲೆ ತೆರುತ್ತದೆ, ಆ ಬೆಲೆಯನ್ನು ತೆರಲು ಸಿದ್ಧವಿದ್ದ ತಂಡ ನನಗೆ ಹೆಚ್ಚು ಹತ್ತಿರದ್ದು. 1967ರಲ್ಲಿ, ಹಿಂದಿನ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಸೆಲ್ಟಿಕ್ಕನ್ನು ಹೊರಹಾಕಿದ್ದ ಡೈನಮೊ ಕೀವ್ ತಂಡವನ್ನು ಗೂರ್ನಿಕ್ ಕೀವ್‌ನಲ್ಲೇ 2-1ರಿಂದ ಸೋಲಿಸಿತು. ಮುಂದಿನ ವಸಂತದಲ್ಲಿ ಹೋಜೂಫ್‌ನ ಹಿಮದ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 1-0ರಿಂದ ಮಣಿಸಿತು. ಒಟ್ಟು ಲೆಕ್ಕದಲ್ಲಿ ಮುಂದೆ ಸಾಗಿದ ಯುನೈಟೆಡ್ ಆ ವರ್ಷದ ಯುರೋಪಿಯನ್ ಕಪ್ಪನ್ನೇ ಗೆದ್ದಿತು. 1970ರ ಕಪ್ ವಿನ್ನರ್ಸ್ ಕಪ್ ಸೆಮಿಫೈನಲ್‌ನಲ್ಲಿ ರೋಮಾದೊಂದಿಗೆ 1-1, 2-2, ಸ್ಟ್ರಾಸ್‌ಬುರ್ಗ್‌ನ ಮೂರನೇ ಪಂದ್ಯದಲ್ಲೂ 1-1. ಕೊನೆಗೆ ನಾಯಕ ಓಷ್ಲಿಜ್ವೊ ಚಿಮ್ಮಿದ ನಾಣ್ಯದ ಎದುರು ಗೆದ್ದ. ವಿಯೆನ್ನಾದ ಮಳೆಯಲ್ಲಿ ನಡೆದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ 2-1ರಿಂದ ಗೆದ್ದಿತು. ಯುರೋಪಿನ ಕಪ್ ಫೈನಲ್‌ಗೆ ಪೋಲೆಂಡಿನಿಂದ ಹೋದ ಮೊದಲ ಕ್ಲಬ್ ಇದು. ಅದೇ ವರ್ಷ ಲೆಗಿಯಾ ಯುರೋಪಿಯನ್ ಕಪ್‌ನ ಸೆಮಿಫೈನಲ್ ತಲುಪಿತ್ತು, ಅದು ಸಣ್ಣ ಸಾಧನೆಯಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಗೂರ್ಸ್ಕಿಯ ಪೋಲೆಂಡ್ ತಂಡ ಚಿನ್ನ ಗೆದ್ದಾಗ ಗೋಲುಕೀಪರ್ ಕೋಸ್ಟ್ಕಾ, ರಕ್ಷಣೆಯಲ್ಲಿ ಗೋರ್ಗೋನ್ ಮತ್ತು ಆನ್ಚೋಕ್, ನಡುವೆ ಷೊವ್ತಿಸಿಕ್, ಮುಂದೆ ಲುಬಾನ್ಸ್ಕಿ ಎಲ್ಲರೂ ಗೂರ್ನಿಕ್‌ನವರು. ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಅಡ್ಡ ನಿಂತವರಲ್ಲಿ ಗೋರ್ಗೋನ್ ಕೂಡ ಇದ್ದ. ಪವಾಡವೆಂದು ಕೊಂಡಾಡುವ 1974ಕ್ಕೆ ಹದಿನೈದು ವರ್ಷ ಪೂರ್ವಾಭ್ಯಾಸ ನಡೆದದ್ದು ಜಾಬ್ಜೆಯಲ್ಲಿ. ಕೋಸ್ಟ್ಕಾ ಮುಂದೆ ತರಬೇತುದಾರನಾಗಿ 1985 ಮತ್ತು 1986ರಲ್ಲಿ ಗೂರ್ನಿಕ್‌ಗೆ ಲೀಗ್ ಗೆದ್ದುಕೊಟ್ಟ. 1987, 1988ರ ಪ್ರಶಸ್ತಿಗಳೂ ಸೇರಿ ಆ ಹೊತ್ತಿಗೆ ಕ್ಲಬ್ಬಿನ ಲೆಕ್ಕ ಹದಿನಾಲ್ಕಕ್ಕೆ ಬಂದಿತ್ತು. ಆಮೇಲೆ ದಶಕಗಳ ಬರ, 2009 ಮತ್ತು 2016ರಲ್ಲಿ ಕೆಳ ದರ್ಜೆಗೆ ಇಳಿತ. ಪೋಷಕ ಹೋದೊಡನೆ ಕುಸಿದದ್ದು ಟೊಳ್ಳುತನಕ್ಕೆ ಸಾಕ್ಷಿ ಎನ್ನುವುದಾದರೆ, ಇಡೀ ಊರಿನ ಬದುಕೇ ಕುಸಿದಿತ್ತೆಂಬುದನ್ನೂ ಹೇಳಬೇಕು. ಗಣಿಗಳು ಒಂದೊಂದಾಗಿ ಮುಚ್ಚಿದವು, 2016ರ ಕೊನೆಗೆ ಮಕೊಷೋವಿ ಗಣಿಯೂ ನಿಂತಿತು.

ಇಂದು ಪ್ರಪಂಚದ ಫುಟ್‌ಬಾಲ್ ಅಭಿರುಚಿಯನ್ನು ರೂಪಿಸುತ್ತಿರುವುದು ಇಂಗ್ಲಿಷ್ ಲೀಗ್‌ನ ಟಿವಿ ಪ್ರಸಾರ. ಬೆಂಗಳೂರಿನ ಹುಡುಗರೂ ಅದನ್ನೇ ನೋಡಿ ಬೆಳೆಯುತ್ತಾರೆ. 2008ರಿಂದ ಅಬುಧಾಬಿಯ ಒಡೆತನದಲ್ಲಿರುವ ಮ್ಯಾಂಚೆಸ್ಟರ್ ಸಿಟಿಯ ಆಟದ ಸೊಬಗನ್ನು ಬಾಯ್ತುಂಬ ಹೊಗಳುವವರು ಆ ಸೊಬಗಿಗೆ ಎಣ್ಣೆಯ ಹಣ ಬಿದ್ದಿದೆಯೆಂದು ಅದನ್ನು ತಳ್ಳಿಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಆಟವನ್ನು ಆಟವಾಗಿ ನೋಡುವುದು ಸರಿಯಾದ ಕ್ರಮ. ಆ ಸೌಜನ್ಯ ಕಲ್ಲಿದ್ದಲಿಗೂ ಸಲ್ಲಬೇಕು. ಸಾವಿರಾರು ಮೈಲಿ ದೂರದಿಂದ ಹರಿದು ಬಂದ ಹಣಕ್ಕಿಂತ, ಅದೇ ಊರಿನ ಜನ ನೆಲದಡಿ ಇಳಿದು ಅಗೆದು ತಂದ ಸಂಪತ್ತಿನಿಂದ ಅದೇ ಊರಿನ ತಂಡ ಬೆಳೆದದ್ದು ಹೆಚ್ಚು ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ಆ ಸಿಟಿ ಯುರೋಪಿನಲ್ಲಿ ಗೆದ್ದ ಮೊದಲ ಪ್ರಶಸ್ತಿ, ವಿಯೆನ್ನಾದ ಆ ರಾತ್ರಿ, ಗೂರ್ನಿಕ್ ವಿರುದ್ಧ ಗೆದ್ದದ್ದು. ಪೋಲೆಂಡಿನ ಫುಟ್‌ಬಾಲ್ ಚರಿತ್ರೆಯನ್ನು ಓದಲು ಕೂರುವ ಕನ್ನಡದ ಓದುಗರು ವೆಂಬ್ಲಿಯ ಪುಟಕ್ಕೆ ನೇರ ಹಾರದೆ 1957ರಿಂದ ಶುರುಮಾಡಲಿ. ಲುಬಾನ್ಸ್ಕಿಗೂ ದೇಯ್ನಾಗೂ ಮೊದಲು ಎರ್ನೆಸ್ಟ್ ಪೋಲ್‌ನ ಹೆಸರನ್ನು ಓದಲಿ.