ಮೆದುಳಿನ ಸಾಕ್ಷ್ಯ: ಎರಡು ಪ್ರಬಂಧಗಳ ವಿಮರ್ಶೆ

ಲಿಂಗಾಂತರಿಗಳ ಮೆದುಳನ್ನು ಕುರಿತು ನೆದರ್ಲೆಂಡ್ಸ್ ದೇಶದ ವಿದ್ವಾಂಸರು ಬರೆದ ಎರಡು ಪ್ರಬಂಧಗಳನ್ನು ಹಲವರು ಒಂದೇ ಪಕ್ಷದ ಸಾಕ್ಷಿಗಳೆಂದು ಭಾವಿಸಿ ಜೊತೆಜೊತೆಯಾಗಿ ಉದ್ಧರಿಸುತ್ತಾರೆ. ಇದು ಯುಕ್ತವಲ್ಲ. ಎರಡನ್ನೂ ಮೊದಲಿಂದ ಕಡೆಯವರೆಗೆ ಓದಿದವರಿಗೆ, ಎರಡನೆಯದು ಮೊದಲನೆಯದರ ಮೇಲೆ ಸಂದೇಹವನ್ನೇ ತರುತ್ತದೆಂಬುದು ಗೋಚರವಾಗದಿರದು.

ಮೊದಲನೆಯದು 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದುದು. ಝೌ, ಹಾಫ್‌ಮನ್, ಗೋರೆನ್, ಸ್ವಾಬ್ ಎಂಬವರು ಇದರ ಕರ್ತೃಗಳು. ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು, ಹೆಣ್ಣೆಂದು ತಮ್ಮನ್ನು ಅರಿತುಕೊಂಡಿದ್ದ ಆರು ಮಂದಿಯ ಮೆದುಳುಗಳನ್ನು ಇವರು ಮರಣಾನಂತರ ಪರೀಕ್ಷಿಸಿದರು. ಸ್ಟ್ರೈಯಾ ಟರ್ಮಿನಾಲಿಸ್ ಎಂಬ ನರತಂತುಗಳ ಕಟ್ಟಿಗೆ ಸೇರಿದ ಒಂದು ಸಣ್ಣ ನರಕೇಂದ್ರವು ಇವರಲ್ಲಿ ಸರಾಸರಿ ಸ್ತ್ರೀಯರಲ್ಲಿರುವಷ್ಟೇ ಗಾತ್ರದ್ದಾಗಿದ್ದಿತು. ಆದರೆ ಆ ಆರು ಮಂದಿಯೂ ಈಸ್ಟ್ರೋಜೆನ್ ಹಾರ್ಮೋನನ್ನು ಸೇವಿಸಿದ್ದವರು. ಗಾತ್ರವು ಹುಟ್ಟಿನಿಂದ ಬಂದುದೋ ಔಷಧದಿಂದ ಬಂದುದೋ? ಕರ್ತೃಗಳು ಈ ಆಕ್ಷೇಪವನ್ನು ಮರೆತವರಲ್ಲ. ಲಿಂಗಾಂತರಿಗಳಲ್ಲದಿದ್ದರೂ ರೋಗಾದಿ ಕಾರಣಗಳಿಂದ ಹಾರ್ಮೋನಿನಲ್ಲಿ ಏರುಪೇರಾಗಿದ್ದವರ, ಎಂದರೆ ಈಗ ಸಿಸ್‌ಜೆಂಡರ್ ಎಂದು ಕರೆಯಲ್ಪಡುವವರ, ಕೆಲವು ಮೆದುಳುಗಳನ್ನು ಹೋಲಿಸಿ ಸಮಾಧಾನ ಹೇಳಿದ್ದಾರೆ. ಸಮಾಧಾನವು ಪ್ರಾಮಾಣಿಕವಾದುದು, ಆದರೆ ಅದಕ್ಕೆ ಆಧಾರವಾದ ಮೆದುಳುಗಳು ಬೆರಳೆಣಿಕೆಯವು.

ಎರಡನೆಯದು ಹುಲ್ಶಾಫ್ ಪೋಲ್ ಮತ್ತು ಸಹೋದ್ಯೋಗಿಗಳದು, 2006ರದು. ಹಾರ್ಮೋನು ಚಿಕಿತ್ಸೆಗೆ ಮುಂಚೆಯೂ ಸುಮಾರು ನಾಲ್ಕು ತಿಂಗಳ ಅನಂತರವೂ ಜೀವಂತರ ಮೆದುಳನ್ನು ಎಂ.ಆರ್.ಐ. ಯಂತ್ರದಿಂದ ಅಳೆದದ್ದು ಇದರ ಹೆಚ್ಚುಗಾರಿಕೆ. ಈಸ್ಟ್ರೋಜೆನ್ನನ್ನೂ ಪುರುಷ ಹಾರ್ಮೋನಿನ ನಿರೋಧಕವನ್ನೂ ಪಡೆದ ಎಂಟು ಮಂದಿಯಲ್ಲಿ ಮೆದುಳಿನ ಗಾತ್ರ ಕುಗ್ಗಿತು. ಟೆಸ್ಟೊಸ್ಟೆರೋನ್ ಪಡೆದ ಆರು ಮಂದಿಯಲ್ಲಿ ಹಿಗ್ಗಿತು, ಹೈಪೊಥಲಾಮಸ್ ಕೂಡ. ಪ್ರೌಢರ ಮೆದುಳು ನಾಲ್ಕೇ ತಿಂಗಳಲ್ಲಿ ಹೀಗೆ ಬದಲಾಗಬಲ್ಲುದಾದರೆ, ವರ್ಷಗಟ್ಟಲೆ ಔಷಧ ಸೇವಿಸಿದವರ ಮೆದುಳಿನಿಂದ ಹುಟ್ಟಿನ ವೃತ್ತಾಂತವನ್ನು ಓದುವುದೆಂತು? ಲಿಂಗ ಬದಲಾದರೆ ಮೆದುಳೂ ಬದಲಾಗುವುದೆಂಬ ಅರ್ಥದ ಶೀರ್ಷಿಕೆಯನ್ನು ಈ ಪ್ರಬಂಧಕ್ಕೆ ಕೊಟ್ಟಿದ್ದಾರೆ. ಬದಲಾದುದು ಗಾತ್ರ, ಮನಸ್ಸನ್ನು ಯಾರೂ ಅಳೆದಿಲ್ಲ. ಹೆಸರು ಗ್ರಂಥಕ್ಕಿಂತ ದೊಡ್ಡದಾಗುವ ಈ ದೋಷ ನಮ್ಮ ಸಾಹಿತ್ಯಕ್ಕೂ ಅಪರಿಚಿತವಲ್ಲವಷ್ಟೆ.

ಸ್ವಾಬ್ ಅವರೇ ಸಹಕರ್ತೃವಾಗಿದ್ದ 2002ರ ಪ್ರಬಂಧವೊಂದು ಇನ್ನೊಂದು ತೊಡಕನ್ನು ಮುಂದಿಟ್ಟಿತು: ಆ ನರಕೇಂದ್ರದಲ್ಲಿ ಗಂಡುಹೆಣ್ಣುಗಳ ಗಾತ್ರಭೇದ ಸ್ಪಷ್ಟವಾಗುವುದು ಪ್ರೌಢವಯಸ್ಸಿನಲ್ಲಿ. ಲಿಂಗಾಂತರಿಗಳಲ್ಲಿ ಅನೇಕರಾದರೋ ತಮ್ಮ ಅರಿವನ್ನು ಬಾಲ್ಯದಿಂದಲೇ ಸ್ಮರಿಸುತ್ತಾರೆ. ತಮ್ಮ ಪಕ್ಷಕ್ಕೆ ತೊಡಕಾಗುವುದನ್ನು ತಾವೇ ಪ್ರಕಟಿಸಿದ ಈ ನಡತೆ ಶ್ಲಾಘ್ಯವಾದುದು. ಇನ್ನು 'ಹೆಣ್ಣು ಮೆದುಳು', 'ಗಂಡು ಮೆದುಳು' ಎಂಬ ಮಾತುಗಳು: 1,400ಕ್ಕೂ ಹೆಚ್ಚು ಮೆದುಳುಗಳ ಚಿತ್ರಗಳನ್ನು ಪರಿಶೀಲಿಸಿದ ಡಾಫ್ನಾ ಜೋಯೆಲ್ ಮೊದಲಾದವರು 2015ರಲ್ಲಿ ತೋರಿಸಿದಂತೆ, ಪೂರ್ತಿಯಾಗಿ ಒಂದೇ ಬಗೆಯ ಮೆದುಳು ಎಲ್ಲೋ ವಿರಳ.

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಮೆದುಳನ್ನು ಸಾಕ್ಷಿಗೆ ಕರೆದ ಮೇಲೆ, ಅದು ಅನುಕೂಲವಾಗಿ ನುಡಿಯದವರ ಗತಿಯೇನು? ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ವ್ಯಕ್ತಿಯ ಸ್ವಂತ ಅರಿವನ್ನೇ ಪ್ರಮಾಣವಾಗಿ ಹಿಡಿಯಿತು, ದೇಹಪರೀಕ್ಷೆಯನ್ನಲ್ಲ. 1995ರ ಪ್ರಬಂಧವನ್ನು ಉದ್ಧರಿಸುವ ಲೇಖಕರು, ಆ ಆರು ಮಂದಿಯೂ ಈಸ್ಟ್ರೋಜೆನ್ ಸೇವಿಸಿದ್ದರೆಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಿ ಬರೆಯತಕ್ಕದ್ದು.