ವ್ಯಾನ್ ಗೋ ‘ವಿ’ಯಲ್ಲೋ ‘ಜಿ’ಯಲ್ಲೋ?

ಥೀಸಿಸ್ ಕರಡನ್ನು ಒಬ್ಬ ಡಚ್ ಸಹೋದ್ಯೋಗಿಗೆ ಓದಲು ಕೊಟ್ಟಿದ್ದೆ. ಒಳಗಿನ ವಾದದ ಬಗ್ಗೆ ಆತ ಏನೂ ಹೇಳಲಿಲ್ಲ. ನೇರವಾಗಿ ಕೊನೆಯ ಪುಟಗಳಿಗೆ ಹೋಗಿ, "ನಮ್ಮೋರೆಲ್ಲ ಯಾಕೆ ‘ವಿ’ ಅಕ್ಷರದಡಿ ಗುಂಪುಕಟ್ಟಿ ನಿಂತಿದ್ದಾರೆ?" ಅಂತ ಕೇಳಿದ. ನಾನು ನಿಲ್ಲಿಸಿದ್ದಲ್ಲ, ಸಾಫ್ಟ್‌ವೇರ್ ನಿಲ್ಲಿಸಿದ್ದು ಅಂದೆ. ಆ ಉತ್ತರ ನನಗೇ ಸರಿ ಅನ್ನಿಸಲಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ವ್ಯಾನ್ ಗೋ ಅವರನ್ನು ಹುಡುಕಬೇಕಾದ್ದು ‘ಜಿ’ ಅಕ್ಷರದಲ್ಲಿ. ಗಡಿ ದಾಟಿ ಬೆಲ್ಜಿಯಂಗೆ ಹೋದರೆ ಅಂಥದೇ ಹೆಸರು ‘ವಿ’ಯಲ್ಲಿ ಸಿಗುತ್ತೆ. ಜರ್ಮನ್ನರ ‘ಫಾನ್’ ಕಥೆ ಬೇರೆ. ಗಯಟೆ ಅಂದರೆ ಸಾಕು, ‘ಫಾನ್ ಗಯಟೆ’ ಅಂತ ಯಾರೂ ಬರೆಯೋದಿಲ್ಲ. ಆದರೆ ವ್ಯಾನ್ ಗೋ ಅವರನ್ನು ಬರೀ ‘ಗೋ’ ಅಂದರೆ ಆ ಮನುಷ್ಯನೇ ಮಾಯ. ಅಂದರೆ ಕೆಲವು ಪದಗಳು ಬಿಟ್ಟುಹೋಗುವಂಥವು, ಕೆಲವು ಹೆಸರಿಗೆ ಅಂಟಿಕೊಂಡೇ ಇರುವಂಥವು.

ಜೊಟೆರೊ, ಮೆಂಡೆಲಿ ಎರಡರ ಹಿಂದೆಯೂ ಇರುವ ಸಿಎಸ್‌ಎಲ್ ಎಂಬ ಶೈಲಿ-ಭಾಷೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದು ಎರಡಕ್ಕೂ ಬೇರೆಬೇರೆ ಜಾಗ ಇಟ್ಟಿದೆ. ಇದನ್ನು ಮೆಚ್ಚಲೇಬೇಕು. ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ಜೊಟೆರೊ ತೆರೆದರೆ ನಿಮಗೆ ಕಾಣೋದು ಎರಡೇ ಡಬ್ಬಿ: ಕೊನೆಯ ಹೆಸರು, ಮೊದಲ ಹೆಸರು. ಉಳಿದದ್ದೆಲ್ಲ ಊಹೆ. ಕೊನೆಯ ಹೆಸರಿನ ಶುರುವಿನಲ್ಲಿ ಸಣ್ಣಕ್ಷರದ ‘ವ್ಯಾನ್’ ಕಂಡರೆ ಅಂಟಿಕೊಂಡದ್ದು ಅಂತ ತಿಳಿಯುತ್ತೆ. ಮೊದಲ ಹೆಸರಿನ ಕೊನೆಯಲ್ಲಿ ‘ಫಾನ್’ ಕಂಡರೆ ಬಿಟ್ಟುಹೋಗುವಂಥದ್ದು ಅಂತ. ಈ ಗುಟ್ಟು ಪರದೆ ಮೇಲೆ ಎಲ್ಲೂ ಬರೆದಿಲ್ಲ. ಹಾಗಾಗಿ ಗಯಟೆ ಅವರ ‘ಫಾನ್’ ಅನ್ನು ಮೊದಲ ಹೆಸರಿನ ಬಾಲಕ್ಕೆ ಹಾಕಿ. ಊಹೆಯೇ ಬೇಡ ಅಂದರೆ ಕೊನೆಯ ಹೆಸರನ್ನು ಪೂರ್ತಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸಾಕು, ಸಾಫ್ಟ್‌ವೇರ್ ಅದನ್ನು ಒಡೆಯೋದಿಲ್ಲ.

ಇನ್ನೂ ದೊಡ್ಡ ತೊಂದರೆ ಏನಂದ್ರೆ, ಅಂಟಿಕೊಂಡ ಪದವನ್ನು ಹಿಂದಕ್ಕೆ ತಳ್ಳಬೇಕೋ ಬೇಡವೋ ಅನ್ನೋದನ್ನು ನಿರ್ಧರಿಸುವುದು ಶೈಲಿ, ಹೆಸರಿನ ಒಡೆಯರಲ್ಲ. ಎಪಿಎ ಶೈಲಿ ಆರಿಸಿದಿರಾ? ಡಚ್ಚರೆಲ್ಲ ‘ವಿ’ಗೆ ಹೋದರು. ಬೇರೆ ಶೈಲಿ ಆರಿಸಿದರೆ ಎಲ್ಲರೂ ವಾಪಸ್. ಬೆಲ್ಜಿಯಂನವರು ದೊಡ್ಡಕ್ಷರದ ‘ವ್ಯಾನ್’ ಬರೆಯೋದರಿಂದ ಮಾತ್ರ ಬಚಾವಾಗುತ್ತಾರೆ. ಅದು ನಿಯಮದ ಪುಣ್ಯ ಅಲ್ಲ, ಅಕ್ಷರದ ಪುಣ್ಯ.

ನಮಗೇನು ಅಂತೀರಾ? ಮಂಗಳೂರಿನ ಡಿಸೋಜರನ್ನು ನೆನೆಸಿಕೊಳ್ಳಿ. ಪೋರ್ಚುಗಲ್‌ನಲ್ಲಿ ‘ದೆ ಸೋಜ’ ಅನ್ನೋರು ‘ಎಸ್’ನಲ್ಲಿ ಸಿಗುತ್ತಾರೆ, ಮಂಗಳೂರಿನಲ್ಲಿ ‘ಡಿ’ಯಲ್ಲಿ. ಒಂದೇ ಬೇರಿನ ಹೆಸರಿಗೆ ಎರಡು ಊರು, ಎರಡು ಪದ್ಧತಿ. ಆ ‘ಡಿ’ಯನ್ನು ಅವಸರದಲ್ಲಿ ಸಣ್ಣಕ್ಷರದಲ್ಲಿ ಟೈಪ್ ಮಾಡಿ ನೋಡಿ, ಸಾಫ್ಟ್‌ವೇರ್ ಅವರನ್ನು ಪೋರ್ಚುಗಲ್‌ಗೆ ಕಳಿಸಿಬಿಡಬಹುದು! ಇನ್ನು ಯು. ಆರ್. ಅನಂತಮೂರ್ತಿ: ಉಡುಪಿ ಊರು, ರಾಜಗೋಪಾಲಾಚಾರ್ಯ ತಂದೆ. ‘ಕೊನೆಯ ಹೆಸರು’ ಡಬ್ಬಿಯಲ್ಲಿ ಕೂರೋದು ಅವರದೇ ಸ್ವಂತ ಹೆಸರು. ಇಲ್ಲಿನ ಕಚೇರಿ ಫಾರಂ ತುಂಬುವಾಗ ನಿಮ್ಮಲ್ಲಿ ಎಷ್ಟೋ ಮಂದಿ ಈ ಸಂಕಟ ಪಟ್ಟಿರ್ತೀರಿ, ನಿಮ್ಮ ಅಪ್ಪ ಅಮ್ಮ ಅಂತೂ ಖಂಡಿತ ಪಟ್ಟಿರ್ತಾರೆ.

ಕನ್ನಡದಲ್ಲೇ ಗ್ರಂಥಸೂಚಿ ಮಾಡಹೊರಟರೆ ಇನ್ನೊಂದು ತಮಾಷೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋದೇ ಇಲ್ಲ. ಸಾಫ್ಟ್‌ವೇರ್ ನೆಚ್ಚಿಕೊಂಡ ಒಂದೇ ಸುಳಿವೂ ಹೋಯ್ತು. ಅಲ್ಲಿ ವ್ಯಾನ್ ಗೋ ‘ವ’ದಲ್ಲೇ ಉಳಿಯುತ್ತಾರೆ, ನೀವು ಕೈಯಾರೆ ಎತ್ತಿ ‘ಗ’ಕ್ಕೆ ಇಡುವ ತನಕ.

ನನ್ನ ಥೀಸಿಸ್‌ನಲ್ಲಿ ಕೊನೆಗೆ ಮಾಡಿದ್ದೂ ಅದನ್ನೇ. ಎಪಿಎ ಕಡ್ಡಾಯ ಆಗಿರಲಿಲ್ಲ, ಶೈಲಿ ಬದಲಿಸಿದೆ. ಹದಿನಾಲ್ಕು ಹೆಸರು, ಒಂದು ಇಡೀ ಸಂಜೆ. ಡಚ್ ಗೆಳೆಯ ಪಟ್ಟಿ ನೋಡಿ ತಲೆಯಾಡಿಸಿದ. ಆಮೇಲೆ, "ಈಗ ನಿನ್ನ ಹೆಸರು ಸರಿಯಾಗಿ ಹೇಗೆ ಬರೆಯೋದು, ಹೇಳು" ಅಂದ.